‘ತಾ’ ಎನ್ನುವ ತನಕ

ನಾನು ಒಂದು ನಾಯಿ. ಲ್ಯಾಬ್ರಡಾರ್ ಜಾತಿ, ಮಸಿಯ ಬಣ್ಣ, ಹೆಸರು ಜಾಕಿ. ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಗೋದಾಮಿನಲ್ಲಿ, ಗೋಣಿಚೀಲಗಳ ಮೇಲೆ ಹುಟ್ಟಿದೆ. ಒಡಹುಟ್ಟಿದವರೆಲ್ಲ ಹಾಲು ಕುಡಿದು ತೆಪ್ಪಗೆ ಮಲಗಿದರೆ, ನಾನು ಕಣ್ಣು ಬಿಡುವ ಮೊದಲೇ ಚೀಲದಿಂದ ಉರುಳಿ ಬಿದ್ದವನು. ಒಂದೆಡೆ ಕೂರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಬದುಕಿಡೀ ಕಲಿಯಬೇಕಾಗಿ ಬಂದದ್ದು ಮಾತ್ರ ಅದೊಂದನ್ನೇ.

ನನ್ನನ್ನು ಕೋಟಿನೊಳಗೆ ಅವಚಿಕೊಂಡು ಮನೆಗೆ ತಂದವರು ಮಂದಪ್ಪನವರು. ಆಗಿನ್ನೂ ಬೇಟೆಗೆ ಕಾನೂನಿನ ತಡೆ ಇರಲಿಲ್ಲ. ಕಾಡುಕೋಳಿ, ಗೌಜಲ ಹಕ್ಕಿ ಎಂದರೆ ಅವರಿಗೆ ಹುಚ್ಚು. ಹೊಡೆದ ಹಕ್ಕಿ ಪೊದೆಯೊಳಗೆ ಬಿದ್ದರೆ ಹುಡುಕಿ ತರಲು ನಾನು ಬೇಕಿತ್ತು. ಅವರ ಹೆಂಡತಿ ದೇಚಮ್ಮ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನನಗಿಂತ ಮೊದಲು ಬೀರ ಎಂಬ ನಾಯಿ ಇತ್ತಂತೆ. ಗುಂಡಿನ ಸದ್ದಿಗೆ ಮೈಮರೆತು ಮುಂದೆ ನುಗ್ಗಿ, ಯಜಮಾನರದೇ ಎರಡನೇ ಗುಂಡಿಗೆ ಸಿಕ್ಕಿತಂತೆ. ಈಗ ಬೇಲಿಯ ಪಕ್ಕದ ಮಣ್ಣಿನಲ್ಲಿತ್ತು.

“ಇದನ್ನೂ ಹಾಗೇ ಹೊತ್ತುಕೊಂಡು ಬಂದ್ರೆ ಆ ಕೋವಿ ಈ ಮನೇಲಿ ಇರೋದಿಲ್ಲ ನೋಡಿ,” ಎಂದರು ದೇಚಮ್ಮ.

ಕೋವಿಗೆ ಹೂವಿಟ್ಟು ಪೂಜೆ ಮಾಡುವ ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ. ಮಂದಪ್ಪನವರು ನನ್ನ ಕೊರಳಿಗೆ ಹಗ್ಗ ಕಟ್ಟಿದರು.

ಹಳೆಯ ಉಣ್ಣೆಯ ಕಾಲುಚೀಲಕ್ಕೆ ತೆಂಗಿನ ನಾರು ತುಂಬಿ, ಕೋಳಿಗರಿ ಕಟ್ಟಿ ಎಸೆಯುತ್ತಿದ್ದರು. “ಕೂರು” ಎಂದರೆ ಕೂರಬೇಕು, “ತಾ” ಎಂದರೆ ಮಾತ್ರ ಓಡಬೇಕು. ಆ ಎರಡು ಮಾತಿನ ನಡುವೆ ನನಗೆ ಕೆಂಡದ ಮೇಲೆ ಕೂತಂತೆ ಆಗುತ್ತಿತ್ತು. ಗುಂಡಿನ ಸದ್ದಿಗೆ ಬೆದರಬಾರದೆಂದು, ನಾನು ಅನ್ನ ತಿನ್ನುವಾಗ ದೇಚಮ್ಮ ದೂರದಲ್ಲಿ ನಿಂತು ಪಾತ್ರೆಯ ಮುಚ್ಚಳ ಬಡಿಯಬೇಕಿತ್ತು. ದಿನ ಕಳೆದಂತೆ ಹತ್ತಿರ ಬರಬೇಕಿತ್ತು. ಗೊಣಗಿಕೊಂಡೇ ಬಡಿದರು. ಹಕ್ಕಿಗೆ ಹಲ್ಲು ಊರಬಾರದೆಂದು ಮಂದಪ್ಪನವರು ನನ್ನ ಬಾಯಿಗೆ ಮೊಟ್ಟೆ ಇಟ್ಟರು. ಎಷ್ಟೋ ಮೊಟ್ಟೆ ಒಡೆದ ಮೇಲೆ ಒಂದನ್ನು ಇಡಿಯಾಗಿ ಅವರ ಕೈಗೆ ಕೊಟ್ಟೆ.

ಅಷ್ಟರಲ್ಲಿ ನೆರೆಮನೆಯ ಐಯಣ್ಣ ಎಲ್ಲ ಕೆಡಿಸಿದ. ಬೇಟೆಯಲ್ಲಿ ನಾಯಿಗೂ ಒಂದು ಪಾಲು ಎಂಬುದು ಅಲ್ಲಿಯ ಪದ್ಧತಿ. ನಾನು ತಂದ ಮೊದಲ ಕಾಡುಕೋಳಿಯ ಕಾಲನ್ನು ಅವನು ಅಲ್ಲೇ ಕತ್ತರಿಸಿ, ಹಸಿಯಾಗಿ ನನ್ನ ಮುಂದೆ ಎಸೆದ. ಬಿಸಿ ರಕ್ತದ ರುಚಿ ಹತ್ತಿತು. ಮುಂದಿನ ಹಕ್ಕಿಗೆ ನಾನು ಅಪ್ಪಣೆಗೂ ಕಾಯಲಿಲ್ಲ. ನುಗ್ಗಿ, ಜಗಿದು ಮುದ್ದೆ ಮಾಡಿದೆ. ಎರಡನೇ ಗುಂಡಿಗೆ ಕೋವಿ ಎತ್ತಿದ್ದ ಮಂದಪ್ಪನವರು ಅದನ್ನು ತಟ್ಟನೆ ಕೆಳಗಿಳಿಸಿದರು.

“ಪಾಲು ಕೊಡದಿದ್ರೆ ನಾಯಿ ಶಾಪ ತಟ್ಟುತ್ತೆ ಮಾರಾಯ,” ಎಂದ ಐಯಣ್ಣ.

“ಕೊಡುವಾ. ಬೇಯಿಸಿ, ಮನೇಲಿ, ದೇಚು ಕೈಯಿಂದ.”

ಮತ್ತೆ ಹಗ್ಗ, ಮತ್ತೆ ಮೊಟ್ಟೆ. ನನ್ನ ಚಡಪಡಿಕೆ ಹೋಗಲಿಲ್ಲ, ಆದರೆ ಅದನ್ನು ಚರ್ಮದೊಳಗೆ ಇಟ್ಟುಕೊಳ್ಳುವುದನ್ನು ಕಲಿತೆ. ಒಂದು ಬೆಳಿಗ್ಗೆ ಗದ್ದೆಯಂಚಿನಲ್ಲಿ ಐಯಣ್ಣನ ಗುಂಡಿಗೆ ಕಾಡುಕೋಳಿ ಬಿತ್ತು. ರೆಕ್ಕೆ ಇನ್ನೂ ಬಡಿಯುತ್ತಿತ್ತು. ನನ್ನ ಮೈಯೆಲ್ಲ ನಡುಗಿತು. ಎದ್ದೆ ಅನ್ನುವಷ್ಟರಲ್ಲಿ ಕೂತೆ. ಅದೇ ಗಳಿಗೆಗೆ ಐಯಣ್ಣನ ಕೋವಿ ಮತ್ತೊಮ್ಮೆ ಸಿಡಿದು, ನಾನು ಓಡಬೇಕಿದ್ದ ದಾರಿಯ ಪೊದೆಯ ಎಲೆಗಳು ಚೂರಾಗಿ ಉದುರಿದವು. ಮಂದಪ್ಪನವರು ತಮ್ಮ ಕೋವಿಯಿಂದ ಗುಂಡಿನ ತೋಟಾ ತೆಗೆದು, ಐಯಣ್ಣನ ಕೋವಿಯನ್ನೂ ಕಸಿದುಕೊಂಡು, ಆಮೇಲೆ “ತಾ” ಎಂದರು. ಆ ದಿನ ದೇಚಮ್ಮ ನನ್ನ ಪಾಲನ್ನು ಅನ್ನಕ್ಕೆ ಕಲಸಿ, ನಾನು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದರು.

ಕಾನೂನು ಬಂತು, ಬೇಟೆ ನಿಂತಿತು. ಕೋವಿ ಗೋಡೆಗೇರಿತು, ನನ್ನ ಮೂತಿ ನರೆಯಿತು. ಆದರೂ ಆ ಸೀಮೆಯಲ್ಲಿ ಗುಂಡಿನ ಸದ್ದು ಪೂರ್ತಿ ನಿಲ್ಲುವುದಿಲ್ಲ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ನನಗೆ ಹುಟ್ಟು ಸಾವಿನ ಭೇದವಿಲ್ಲ. ಎಲ್ಲಿ ಸಿಡಿದರೂ ಕೂರುತ್ತಿದ್ದೆ, ಮಂದಪ್ಪನವರು ನಕ್ಕು “ಸಾಕು ಬಾರೋ” ಎನ್ನುವವರೆಗೆ.

ಒಂದು ಬೆಳಿಗ್ಗೆ ನಮ್ಮ ಅಂಗಳದಲ್ಲೇ ಎರಡು ಗುಂಡು ಹಾರಿದವು. ಹಾರಿಸಿದವನು ಐಯಣ್ಣ. ನಾನು ಬಾಗಿಲ ಎದುರೇ ಕೂತೆ. ಜನ ಬಂದರು, ನನ್ನ ಪಕ್ಕದಿಂದ ಸುತ್ತಿಕೊಂಡು ಒಳಗೆ ಹೋದರು. ಯಾರೋ ಎಳೆದರು, ಯಾರೋ ಗದರಿದರು. ನಾನು ನಡುಗುತ್ತಾ ಯಜಮಾನರ ದನಿಗೆ ಕಾದೆ. ಕೊನೆಗೆ ದೇಚಮ್ಮ ಹೊರಬಂದರು. ಅವರು ನನಗೆ ಎಂದೂ ಅಪ್ಪಣೆ ಕೊಟ್ಟವರಲ್ಲ.

“ತಾ,” ಎಂದರು ಮೆಲ್ಲಗೆ.

ಬಿದ್ದದ್ದನ್ನು ಹುಡುಕಿ ತರುವುದು ನನ್ನ ಕೆಲಸ. ಒಳಗೆ ಹೋದೆ. ಮಂದಪ್ಪನವರು ಮಲಗಿದ್ದರು. ಅವರ ಕೈಯನ್ನು ಮೊಟ್ಟೆಯಂತೆ, ಹಲ್ಲು ತಾಗದ ಹಾಗೆ ಬಾಯಲ್ಲಿ ಹಿಡಿದೆ. ಎಳೆದೆ. ತರಲಾಗಲಿಲ್ಲ.

“ಬಿಡು ಮಗಾ,” ಎಂದು ದೇಚಮ್ಮ ನನ್ನ ಕುತ್ತಿಗೆ ತಬ್ಬಿಕೊಂಡು ಅತ್ತರು.

ಈಗ ಒಲೆಯ ಪಕ್ಕದಲ್ಲಿ ನನ್ನ ಜಾಗ. ಕಿವಿ ಮಂದವಾಗಿದೆ, ಆದರೂ ದೂರದ ಗುಂಡು ಕೇಳುತ್ತದೆ. ಕೇಳಿದೊಡನೆ ಮುದಿ ಮೈ ಎದ್ದು ಕೂತು ನಡುಗತೊಡಗುತ್ತದೆ. ದೇಚಮ್ಮ ‘ತಾ’ ಎಂಬ ಮಾತನ್ನು ಮತ್ತೆಂದೂ ಆಡಿಲ್ಲ. ಅವರು ಪಾತ್ರೆಯ ಮುಚ್ಚಳ ತೆಗೆದುಕೊಂಡು ಬಂದು, ಮರಿಯಾಗಿದ್ದಾಗ ಊಟದ ಹೊತ್ತಿಗೆ ಬಡಿದ ಹಾಗೆ, ನನ್ನ ಕಿವಿಯ ಹತ್ತಿರ ಮೆಲ್ಲಗೆ ಬಡಿಯುತ್ತಾರೆ. ಆಗ ನಾನು ಎದ್ದು ಹೋಗಿ ಅನ್ನ ತಿನ್ನುತ್ತೇನೆ.