‘ಹ’ ಬಾರದವಳು

“‘ಅಲೋ’ ಅಲ್ಲ ಕಣಮ್ಮಿ, ‘ಹಲೋ’! ಬಾಯಲ್ಲೇನು ಮುದ್ದೆ ಮಡೀಕಂಡಿದ್ದೀಯಾ? ಇಂಗೆ ಮಾತಾಡುದ್ರೆ ಯಾವ ಕಂಪ್ನಿ ಒಳೀಕ್ ಬುಟ್ಕತ್ತದೆ?”

ತಾನೇ ‘ಹಿಂಗೆ’ಯನ್ನು ‘ಇಂಗೆ’ ಎನ್ನುವ ಚಲುವರಾಜು, ಪಾಂಡವಪುರದ ತನ್ನ ಸಾಫ್ಟ್‌ವೇರ್ ತರಬೇತಿ ಕೇಂದ್ರದಲ್ಲಿ ಮೂವತ್ತು ಪದವೀಧರರ ಮುಂದೆ ಸಂಘಮಿತ್ರಾಗೆ ಹಕಾರ ಕಲಿಸುತ್ತಿದ್ದ. ಎಲ್ಲರೂ ನಕ್ಕರು. ಪಕ್ಕದ ಫಿರ್ದೋಸ್ ಮಾತ್ರ ನಗಲಿಲ್ಲ; ನಿನ್ನೆ ಅವಳ ಸರದಿಯಾಗಿತ್ತು.

ಸಂಘಮಿತ್ರಾ ದೇವಲಾಪುರದ ಕೇರಿಯವಳು, ಬಿಸಿಎ ಮುಗಿಸಿದವಳು. ಕಬ್ಬಿನ ಟ್ರಾಕ್ಟರುಗಳು ಕಾರ್ಖಾನೆ ಮುಂದೆ ದಿನಗಟ್ಟಲೆ ಕಾಯದಂತೆ ಸರದಿ ಗೊತ್ತುಮಾಡುವ ಪ್ರೋಗ್ರಾಮೊಂದನ್ನು ಎರಡು ತಿಂಗಳು ಕೂತು ಬರೆದಿದ್ದಳು. ಬೆಂಗಳೂರಿನ ಕಂಪನಿಯವರು ಆಯ್ಕೆಗೆ ಬಂದ ದಿನ ನೋಡಿದರೆ, ಅದರ ಮೇಲೆ ಚಲುವರಾಜುವಿನ ಅಣ್ಣನ ಮಗಳು ರಂಜಿತಳ ಹೆಸರಿತ್ತು.

“ಅದು ನಂದು ಸಾ.”

“ಇರ್ಲಿ ಬುಡು. ಅವ್ಳು ನೋಡಕ್ಕೂ ಲಕ್ಷಣವಾಗವ್ಳೆ, ಇಂಗ್ಲೀಷೂ ಬತ್ತದೆ. ನೀನು ಬಾಗ್ಲಲ್ಲಿ ನಿಂತ್ಕಂಡು ಬಂದೋರ ಶೂ ನೋಡ್ಕ. ಕಾಫಿ ಲೋಟ ಮಾತ್ರ ಮುಟ್‌ಬ್ಯಾಡ. ಬಂದಿರೋರು ನಮ್ಮೋರು.”

ಅವಳು ನಿಂತಳು. ಒಳಗೆ ಎರಡನೆಯ ಪ್ರಶ್ನೆಗೇ ರಂಜಿತಳ ಬಾಯಿ ಕಟ್ಟಿತು. ಚಲುವರಾಜು ಬೆವರೊರೆಸುತ್ತ ಓಡಿಬಂದ.

“ಲೇ, ಬಾ. ಅವಳ ಇಂದೆ ಕುಂತ್ಕಂಡು ಮೆಲ್ಲಗೆ ಯೋಳ್ಕೊಡು.”

“ಯೋಳ್ಕೊಡಾಕಿಲ್ಲ.”

“ಮುಂಡೇದೇ, ನಿನ್ ಮಾರ್ಕ್ಸ್ ಕಾರ್ಡೆಲ್ಲ ನನ್ ಬೀರುನಲ್ಲವೆ. ನಾನು ಕೊಟ್ರೇನೆ ನಿಂಗೆ ಬದುಕು!”

ನಡುವೆ ಯಾರೂ ಬಿಟ್ಟುಹೋಗಬಾರದೆಂದು ಸೇರುವಾಗಲೇ ಎಲ್ಲರ ಮೂಲ ಅಂಕಪಟ್ಟಿಗಳನ್ನೂ ಅವನು ಇಸಿದುಕೊಂಡಿದ್ದ. ಸಂಘಮಿತ್ರಾ ಅವನನ್ನು ದಾಟಿ, ಕಂಪನಿಯವರ ಎದುರಿಂದಲೇ ನಡೆದು ಅವನ ಕೋಣೆ ಹೊಕ್ಕಳು. ಬೀರುವಿಗೆ ಬೀಗ. ಹಿಡಿ ಜಗ್ಗಿದಳು, ತೆರೆಯಲಿಲ್ಲ. ಅವನ ತಿರುಗುವ ಕುರ್ಚಿಯಲ್ಲಿ ಕೂತುಬಿಟ್ಟಳು.

“ಏಯ್, ಎದ್ದೇಳೇ! ಯಾರ ಕುರ್ಚಿ ಅಂದ್ಕಂಡಿದ್ದೀಯೇ ಅದು?”

“ಬೀಗದ ಕೈ ತತ್ತಾ. ಅಲ್ಲೀಗಂಟ ಏಳಾಕಿಲ್ಲ.”

ಈ ಸಲ ‘ಸಾ’ ಇರಲಿಲ್ಲ. ಕಂಪನಿಯವರು ಕಾಫಿ ಪೂರ್ತಿ ಕುಡಿದು, ಇದು ನಿಮ್ಮ ಒಳಗಿನ ವಿಷಯವೆಂದು ಇಂಗ್ಲಿಷಿನಲ್ಲಿ ಹೇಳಿ ಎದ್ದರು. ಅವರ ಹಿಂದೆ ಓಡಲೋ, ಇವಳನ್ನು ಎಳೆದುಹಾಕಲೋ ತಿಳಿಯದೆ ಚಲುವರಾಜು ಬಾಗಿಲಿಗೆ ಕೈಕೊಟ್ಟು ನಿಂತ. ಅವನ ತೋಳಿನಡಿ ತೂರಿ ಬಂದ ಫಿರ್ದೋಸ್, ಮೇಜಿನ ಮೇಲಿದ್ದ ಫೈಲುಗಳನ್ನು ನೆಲಕ್ಕೆ ತಳ್ಳಿ ಅಲ್ಲೇ ಕೂತಳು.

“ನಂದೂ ಅದ್ರಲ್ಲೇ ಅದೆ,” ಅಂದಳು. “ತತ್ತಾ.”