ಮಧ್ಯಾಹ್ನದ ಕೆಂಪು ಗೆರೆ

ಮಧ್ಯಾಹ್ನವಾದರೆ ಸಾಕು, ಆಂಬುಲೆನ್ಸ್ ಕೇಳಿ ಬಂದ ಕೋರಿಕೆಗಳು ಸರ್ವರ್‌ನಲ್ಲಿ ತೂಕಡಿಸುತ್ತಿದ್ದವು. ಕಂಪಾಲಾ ನಗರದ ಆ ಪುಟ್ಟ ಆಂಬುಲೆನ್ಸ್ ಕಚೇರಿಯಲ್ಲಿ, ಕೋರಿಕೆಗಳನ್ನು ಗಾಡಿಗಳಿಗೆ ದಾಟಿಸುವ ಎಪಿಐ ಪ್ರೋಗ್ರಾಂ ಬರೆದವಳು ನಬ್ಬೋಸ. ಬೈಗುಳವೂ ಅವಳ ಪಾಲಿಗೇ.

"ಸಂಜೆಯೊಳಗೆ ಕಾರಣ ಹೇಳು. ಇಲ್ಲಾಂದ್ರೆ ಕೆಲಸ ನೈರೋಬಿಯವರಿಗೆ ಕೊಡ್ತೀನಿ," ಎಂದು ಯಜಮಾನ ಕಿಗ್ಗುಂಡು ಕಡ್ಡಿ ಮುರಿದಂತೆ ಹೇಳಿದ್ದರು.

ಅವಳು ಅಳತೆಯ ಪ್ಲಗಿನ್ ಒಂದನ್ನು ಜೋಡಿಸಿದಳು. ಪ್ರತಿ ಕೋರಿಕೆ ಯಾವ ಹಂತದಲ್ಲಿ ಎಷ್ಟು ಹೊತ್ತು ನಿಂತಿತೆಂದು ಅದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ಬೆಳಿಗ್ಗೆಯೆಲ್ಲ ಗೆರೆ ಹಸಿರು. ತಡ ಎಲ್ಲೂ ಇಲ್ಲ, ಹೇಳಲು ಕಾರಣವೂ ಇಲ್ಲ.

"ಏನಕ್ಕಾ, ಜ್ವರ ಇಲ್ಲದ ಹೊತ್ತಲ್ಲಿ ಥರ್ಮಾಮೀಟರ್ ಇಟ್ಕೊಂಡು ಕೂತಿದ್ದೀಯ!" ಪಕ್ಕದ ಮೇಜಿನ ತುಮುಸೀಮೆ ಕೆಣಕಿದ.

"ಬಾಯಿ ಮುಚ್ಕೊಂಡು ನಿನ್ನ ಮೊಟ್ಟೆ ಚಪಾತಿ ತಿನ್ನು."

ಕಿಗ್ಗುಂಡು ಊಟಕ್ಕೆದ್ದರು. ನೆಲಮಾಳಿಗೆಯ ಹೋಟೆಲಿನ ಮತೋಕೆ ಎಂಬ ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಸಾರು ಅವರಿಗೆ ತಪ್ಪುವಂತಿಲ್ಲ. ಅವರು ಮೆಟ್ಟಿಲಿಳಿದ ಸ್ವಲ್ಪ ಹೊತ್ತಿಗೇ ಗೆರೆ ಕೆಂಪಾಗಿ ಮೇಲೇರಿತು. ನಬ್ಬೋಸ ಒಂದೊಂದೇ ಹಂತ ಬಿಡಿಸಿ ನೋಡಿದಳು. ಎಲ್ಲವೂ ಚುರುಕು, ನಿಂತದ್ದು ಒಂದೇ ಕಡೆ, 'ಯಜಮಾನರಿಗೆ ಸಂದೇಶ'.

ಯಾವ ಆಂಬುಲೆನ್ಸ್ ಹೊರಟರೂ ಮೊದಲು ತಮಗೆ ತಿಳಿಯಬೇಕೆಂದು ಅವರೇ ಕೂತು ಬರೆದ ಹಂತ ಅದು. ಸಂದೇಶ ಅವರ ಫೋನಿಗೆ ಮುಟ್ಟಿತೆಂಬ ಉತ್ತರ ಬರುವ ತನಕ ಕೋರಿಕೆ ಕಾಯುತ್ತಿತ್ತು, ಕಾದು ಸೋತ ಮೇಲಷ್ಟೇ ಮುಂದೆ ಹೋಗುತ್ತಿತ್ತು. ನೆಲಮಾಳಿಗೆಯಲ್ಲಿ ನೆಟ್‌ವರ್ಕೇ ಇಲ್ಲ.

ಹೇಳದಿದ್ದರೆ ಕೆಲಸ ಹೋಗುತ್ತದೆ; ಹೇಳಿದರೂ ಹೋಗಬಹುದು.

"ಆ ಹಂತಕ್ಕೆ 'ಫೋನ್ ಕಂಪನಿ' ಅಂತ ಹೆಸರಿಟ್ಬಿಡು," ತುಮುಸೀಮೆ ಪಿಸುಗುಟ್ಟಿದ. "ದೊಡ್ಡವರ ಮಾನಾನೂ ಉಳಿಯುತ್ತೆ, ನೀನೂ ಉಳೀತೀಯ."

"ನಾಳೆ ಮತ್ತೆ ಕೆಂಪಾದ್ರೆ ಯಾರ ಹೆಸರಿಡ್ಲಿ?"

ಅವಳು ಕೆಳಗಿಳಿದು, ಹಿರಿಯರ ಮುಂದೆ ಮಾಡುವಂತೆ ಮೊಣಕಾಲೂರಿ ನಮಸ್ಕರಿಸಿದಳು.

"ಕಾರಣ ಸಿಕ್ತಾ?" ಕಿಗ್ಗುಂಡು ಕೇಳಿದರು.

"ಸಿಕ್ತು, ಸ್ಸೆಬೋ," ಹಿರಿಯರನ್ನು ಗೌರವದಿಂದ ಕರೆಯುವ ಮಾತಿನಲ್ಲೇ ಅವಳು ಎಂದಳು. "ಫೋನ್ ತಗೊಂಡು ಮೆಟ್ಟಿಲ ತನಕ ಬರ್ತೀರಾ?"

"ಕೈ ಎಂಜಲಾಗಿದೆಯಲ್ಲಮ್ಮ!" ಎಂದು ಗೊಣಗುತ್ತಲೇ ಬಂದರು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಫೋನ್ ಕೂಗಿತು. ಮತ್ತೆ ಕೂಗಿತು. ಕೂಗುತ್ತಲೇ ಹೋಯಿತು. ತಡೆದು ನಿಂತಿದ್ದ ಸಂದೇಶಗಳು: ಹೆರಿಗೆ, ಅಪಘಾತ, ಮತ್ತೊಂದು ಹೆರಿಗೆ.

ಕಿಗ್ಗುಂಡು ಗೋಡೆಗೆ ಒರಗಿದರು. "ಇವೆಲ್ಲಾ ನನಗೋಸ್ಕರ ಕಾಯ್ತಾ ಇದ್ವಾ?"

ಅವಳು ನೆಲ ನೋಡುತ್ತ "ಹೂಂ" ಎಂದಳು.

ಅವರು ಎಂಜಲು ಕೈಯಲ್ಲೇ ಸಂದೇಶಗಳನ್ನು ಒಂದೊಂದಾಗಿ ಓದಿದರು.

"ಮೊದಲು ಗಾಡಿ ಹೊರಡ್ಲಿ, ನನಗೆ ಆಮೇಲೆ ತಿಳಿಸಿದ್ರೆ ಸಾಕು," ಎಂದರು ಕೊನೆಗೆ. "ಹೋಗು, ಈಗಲೇ ಸರಿಮಾಡು. ನೀನೇ ಮಾಡು, ಬೇರೆ ಯಾರ ಕೈಗೂ ಕೊಡಬೇಡ."

ನಬ್ಬೋಸ ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿದಳು.