ಬಿಸಿ ಮಾಡ್ಲಾ?

ಗುಂಯ್ ಅನ್ನುತ್ತಿದೆ ಮೈಕ್ರೋವೇವ್, ಒಳಗಿನ ಹಳದಿ ಬೆಳಕಿನಲ್ಲಿ ಮಗಳ ಒನಿಗಿರಿ, ಮೂರು ಮೂಲೆಯ ಅನ್ನದುಂಡೆ, ಒಂಟಿಯಾಗಿ ಕೂತಿದೆ, ನೋಡುತ್ತಾ ನೋಡುತ್ತಾ ಯಾಸುಹಿರೊನ ಕಣ್ಣು ಎಳೆಯುತ್ತದೆ, ನಾಗೋಯಾದಿಂದ ಉತ್ತರದ ತುದಿಯ ಹೊಕ್ಕೈದೊವರೆಗೆ ಹಡಗಿನ ನೆಲದ ಮೇಲೆ ಮಲಗಿ ಬಂದ ಮೈ, ಕಾಲಡಿ ಇನ್ನೂ ನೀರು ತೂಗುತ್ತಿದೆ, ದಾರಿಯುದ್ದಕ್ಕೂ ಹಗಲೂ ರಾತ್ರಿ ತೆರೆದಿರುವ ಇಂಥ ಕೊಂಬಿನಿ ಅಂಗಡಿಗಳದ್ದೇ ಅನ್ನ, ತಣ್ಣಗಿನ ಒನಿಗಿರಿ, ತಣ್ಣಗಿನ ಚಹಾ, ಅಗ್ಗಕ್ಕೆ ಹೊಟ್ಟೆ ತುಂಬಿದರಾಯಿತು, ಎಲ್ಲ ಊರಲ್ಲೂ ಅದೇ ಬೆಳಕು ಅದೇ ಕಪಾಟು, ತಾನು ಹೊರಟೇ ಇಲ್ಲವೇನೋ ಅನ್ನಿಸುವ ಹಾಗೆ — ಆದರೆ ಹೊರಟಿದ್ದು ಮಗಳು ಸುಜುನೊಳನ್ನು ಕರೆತರಲಿಕ್ಕೆ, ಹೆಂಡತಿ ತೀರಿಕೊಂಡಾಗ ಅವನಿಗೆ ರಾತ್ರಿಪಾಳಿ, ಮಗೂನ ನನ್ನ ಹತ್ರ ಬಿಡಣ್ಣ ಅಂದಿದ್ದಳು ಇಲ್ಲಿರುವ ತಂಗಿ ಮಿತ್ಸುಯೊ, ಬಿಟ್ಟ, ಈಗ ಹಗಲುಪಾಳಿ ಸಿಕ್ಕಿದೆ, ಬೆಳಿಗ್ಗೆಯೇ ಕೇಳಿದ, ನನ್ನ ಜೊತೆ ಬರ್ತೀಯಾ ಪುಟ್ಟಿ, ಮೊದಲು ಏನಾದ್ರೂ ತಿನ್ನೋಣ ಅಪ್ಪ ಅಂದಳು.

ಬಂದರಿನ ಈ ಅಂಗಡಿಯಲ್ಲಿ ಗಲ್ಲಾದ ಹೆಂಗಸು ಬಿಸಿ ಮಾಡ್ಲಾ ಅಂದಾಗ ಅವನಿಗೆ ನಗು, ಒನಿಗಿರೀನಾ, ಅದನ್ಯಾರು ಬಿಸಿ ಮಾಡ್ಕೊಂಡು ತಿಂತಾರೆ, ಸುತ್ತಿರೋ ಕಡಲಪಾಚಿ ಮೆತ್ತಗಾಗಲ್ವಾ, ನನಗೆ ಬೇಡಮ್ಮ — ಹೆಂಗಸು ಸುಜುನೊ ಕಡೆ ಬಗ್ಗಿ, ನಿಮ್ಮಪ್ಪ ಕೆಳಗಿನ ಸೀಮೆಯವರು ಅಲ್ವಾ, ಹೊಟ್ಟೆಗೆ ಮಂಜುಗಡ್ಡೆ ತುಂಬ್ಕೊಂಡು ಹೋಗ್ಲಿ ಬಿಡು, ಸುಜುನೊ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆ ನಗು ಮಿತ್ಸುಯೊಳದ್ದು, ಎಲ್ಲಿ ಕಲಿತಳು, ಯಾವಾಗ, ತಾನು ಮಲಗಿದ್ದ ಯಾವ ಹಗಲಿನಲ್ಲಿ — ಅದಕ್ಕೂ ಮೊದಲು ಅವಳು ಒನಿಗಿರಿಯನ್ನು ಕಟ್ಟೆಯ ಮೇಲಿಟ್ಟು ಎರಡೂ ಕೈಯನ್ನು ಪಕ್ಕಕ್ಕಿಟ್ಟುಕೊಂಡು ಸುಮ್ಮನೆ ನಿಂತಿದ್ದಳಲ್ಲ, ತಲೆ ಎತ್ತಿಯೂ ನೋಡದೆ, ಬಿಸಿ ಮಾಡ್ಲಾ ಅಂತ ಕೇಳೇ ಕೇಳುತ್ತಾರೆ ಅನ್ನುವ ಹಾಗೆ.

ಕಿಟಕಿಯ ಹತ್ತಿರ ಕೂತಿದ್ದಾರೆ, ಹೊರಗೆ ಹಿಮವೋ ಮಂಜೋ, ಹಡಗು ಅರ್ಧ ಇದೆ ಅರ್ಧ ಇಲ್ಲ, ಮುಟ್ಟಿ ನೋಡಪ್ಪ ಅಂತ ಅವಳು ತನ್ನದನ್ನು ಅಂಗೈಗೆ ಇಟ್ಟಳು, ಬೆಚ್ಚಗೆ, ಉಸಿರಾಡುವ ಹಾಗೆ, ಅವಳು ಹುಟ್ಟಿದ ದಿನ ನರ್ಸಮ್ಮ ಇದೇ ಕೈಗಿಟ್ಟ ಮಗು ಇಷ್ಟೇ ಬೆಚ್ಚಗಿತ್ತು, ಇಷ್ಟೇ ಭಾರ ಅನ್ನಿಸಿತ್ತು, ನಾಗೋಯಾದಲ್ಲಿ ಬಿಸಿ ಮಾಡಲ್ವಾ ಅಪ್ಪ, ಕೇಳಿದ್ರೆ ಮಾಡ್ಕೊಡ್ತಾರೆ, ನಾನೇ ಕೇಳ್ಬೇಕಾ, ಹೂಂ, ಅವಳು ಒಂದು ಅಗುಳು ತುಟಿಯಿಂದ ತೆಗೆದು ತಿಂದಳು, ಇಲ್ಲಿ ಅವರೇ ಕೇಳ್ತಾರೆ ಅಂದಳು, ದೂರೂ ಅಲ್ಲ, ಅಳುವೂ ಅಲ್ಲ, ಆಮೇಲೆ ಚೀಲ ಹೆಗಲಿಗೇರಿಸಿ, ನೀನು ಹೇಳಿದ ಹಾಗೇ ಅಪ್ಪ, ಬರ್ತೀನಿ ಅಂದಳು, ಎಷ್ಟು ಜಾಣೆ, ಎಷ್ಟು ಬೇಗ ಜಾಣೆಯಾಗಿಬಿಟ್ಟಳು.

ಟಿಕೆಟ್ ಕಿಟಕಿಯ ಹುಡುಗಿ, ದೊಡ್ಡವರದ್ದು ಒಂದಾ ಸಾರ್, ಹೂಂ, ಮಕ್ಕಳದ್ದೂ ಒಂದಾ — ಬಾಯಿ ತೆರೆದಿದೆ, ಪದ ನಾಲಿಗೆ ಮೇಲೇ ಇದೆ, ಆದರೆ ಅವನ ಮನಸ್ಸಾಗಲೇ ನಾಗೋಯಾದ ಅಂಗಡಿಯಲ್ಲಿದೆ, ತಾನಿನ್ನೂ ಕಾರ್ಖಾನೆಯಿಂದ ಬಂದಿಲ್ಲ, ಸುಜುನೊ ಒಬ್ಬಳೇ, ಹಿಂದೆ ಜನರ ಸಾಲು, ಗಲ್ಲಾದವನು ಚಿಲ್ಲರೆ ಕೊಟ್ಟು ಮುಂದಿನವರು ಬನ್ನಿ ಅನ್ನುತ್ತಿದ್ದಾನೆ, ಕಟ್ಟೆಯ ಮೇಲೆ ತಣ್ಣಗಿನ ಒನಿಗಿರಿ, ಅದರ ಪಕ್ಕದಲ್ಲಿ ಎರಡು ಪುಟ್ಟ ಕೈ, ಕಾಯುತ್ತಾ, ಇನ್ನೂ ಕಾಯುತ್ತಾ